ಒಂದು ಪಕ್ಕ ಕಪ್ಪು, ಒಂದು ಪಕ್ಕ ಬೆಳ್ಳಿ: ಕಾರವಾರದ ಉಪ್ಪುಗಾಳಿಯಲ್ಲಿ ನನ್ನ ಬೈಕು

ನನ್ನ ಬೈಕಿಗೆ ಎರಡು ಮುಖ. ಬಲಗಡೆಯ ಎಂಜಿನ್ ಕವರ್ ಕಪ್ಪು, ಎಡಗಡೆಯದು ಬೆಳ್ಳಿ ತಟ್ಟೆಯ ಹಾಗೆ ಹೊಳೆಯುತ್ತದೆ. ಕೋಡಿಬಾಗದ ಚಹಾ ಅಂಗಡಿ ಎದುರು ನಿಲ್ಲಿಸಿದರೆ ಯಾರಾದರೂ ಕೇಳಿಯೇ ಕೇಳುತ್ತಾರೆ, "ಇನ್ನೊಂದು ಕವರಿಗೆ ದುಡ್ಡು ಸಾಲಲಿಲ್ವಾ ಮಾರಾಯ?" ದುಡ್ಡಿನ ಮಾತಲ್ಲ. ಪೌಡರ್ ಕೋಟಿಂಗ್ (ಬಣ್ಣದ ಪುಡಿ ಬಳಿದು ಒಲೆಯಲ್ಲಿ ಕಾಯಿಸಿ ಕೂರಿಸುವ ಲೇಪ) ಬಾಳುತ್ತದೋ, ಬರೀ ಪಾಲಿಶ್ ಬಾಳುತ್ತದೋ ಎಂದು 2021ರಿಂದ ಒಂದೇ ಬೈಕಿನ ಮೇಲೆ ನೋಡುತ್ತಿದ್ದೇನೆ.

ಮನೆ ಸಮುದ್ರಕ್ಕೆ ಕೂಗಳತೆ ದೂರ. ಕೆಲಸ ಸದಾಶಿವಗಡದಲ್ಲಿ, ಹಾಗಾಗಿ ದಿನಾ ಎರಡು ಸಲ ಕಾಳಿ ಸೇತುವೆ ದಾಟಬೇಕು. ಅಳಿವೆಯ ಗಾಳಿ ನೇರ ಎಂಜಿನ್ನಿಗೇ ಬಡಿಯುತ್ತದೆ. ರಾತ್ರಿ ಹೊರಗೆ ನಿಲ್ಲಿಸಿದ ಬೈಕಿನ ಟ್ಯಾಂಕಿಗೆ ಬೆಳಿಗ್ಗೆ ಬೆರಳು ಸವರಿ ನಾಲಿಗೆಗೆ ಹಚ್ಚಿ ನೋಡಿ, ಉಪ್ಪು.

ಎಂಜಿನ್ ಕವರ್ ಅಲ್ಯೂಮಿನಿಯಂನದು. ಅಲ್ಯೂಮಿನಿಯಂಗೆ ತುಕ್ಕು ಹಿಡಿಯುವುದಿಲ್ಲ ಅನ್ನುತ್ತಾರೆ. ಅರ್ಧ ಸತ್ಯ. ಗಾಳಿ ತಾಗಿದ ಕೂಡಲೇ ಅದರ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಆಕ್ಸೈಡ್ ಪದರ ಕಟ್ಟುತ್ತದೆ, ಅದೇ ಅದರ ಅಂಗಿ. ಉಪ್ಪಿನಲ್ಲಿರುವ ಕ್ಲೋರೈಡ್ ಆ ಅಂಗಿಗೆ ಅಲ್ಲಲ್ಲಿ ತೂತು ಮಾಡುತ್ತದೆ. ಮೊದಲು ಬಿಳಿ ಹಿಟ್ಟು, ಆಮೇಲೆ ಸಾಸಿವೆ ಗಾತ್ರದ ಗುಳಿ.

2018ರಲ್ಲಿ ಈ 350 ಸಿಸಿ ಬೈಕನ್ನು ಸೆಕೆಂಡ್‌ಹ್ಯಾಂಡ್ ತಗೊಂಡಾಗ ಎರಡೂ ಕವರಿಗೆ ಬಫಿಂಗ್ ಮಾಡಿಸಿ, ಅಂದರೆ ಯಂತ್ರದಲ್ಲಿ ಉಜ್ಜಿಸಿ ಹೊಳಪು ಬರಿಸಿ, ಮೇಲೆ ಕ್ಲಿಯರ್ ಲ್ಯಾಕರ್ (ಬಣ್ಣವಿಲ್ಲದ ಮೆರುಗೆಣ್ಣೆ) ಹೊಡೆಸಿದೆ. ಒಂದು ಮಳೆಗಾಲ ಚೆನ್ನಾಗಿತ್ತು. ಎರಡನೆಯದರಲ್ಲಿ ಕಲ್ಲು ಸಿಡಿದು ಲ್ಯಾಕರ್ ಎದ್ದ ಜಾಗದಿಂದ ಒಳಗೊಳಗೇ ಬಿಳಿ ಗೆರೆಗಳು, ಹುಳ ಹರಿದ ಹಾಗೆ. ಮೇಲಿಂದ ಎಷ್ಟು ಒರೆಸಿದರೂ ಹೋಗುವುದಿಲ್ಲ, ಕೊಳೆ ಇರುವುದು ಪದರದ ಅಡಿಯಲ್ಲಿ. ಕರಾವಳಿಯವರಿಗೆ ಕ್ಲಿಯರ್ ಲ್ಯಾಕರ್ ಬೇಡವೇ ಬೇಡ.

2020ರಲ್ಲಿ ಬಲಗಡೆ ಕವರನ್ನು ಹುಬ್ಬಳ್ಳಿಗೆ ಒಯ್ದು ಪೌಡರ್ ಕೋಟಿಂಗ್ ಮಾಡಿಸಿದೆ. ಅಂಗಡಿಯ ಹೆಸರು ಬೇಡ. ವಾಪಸ್ ಬಂದ ಕವರಿನ ತುಂಬ ಸೂಜಿಮೊನೆಯಷ್ಟು ತೂತುಗಳು! ಎರಕದ ಅಲ್ಯೂಮಿನಿಯಂ ಒಳಗೆ ಸಣ್ಣ ಸಣ್ಣ ರಂಧ್ರಗಳಿರುತ್ತವೆ. ವರ್ಷಗಟ್ಟಲೆ ಕುಡಿದ ಎಂಜಿನ್ ಆಯಿಲ್ ಅಲ್ಲೇ ಕೂತಿರುತ್ತದೆ. ಪೌಡರ್ ಬಳಿದು 180–200 ಡಿಗ್ರಿಯ ಒಲೆಗೆ ಇಟ್ಟಾಗ ಆ ಎಣ್ಣೆ, ಗಾಳಿ ಎಲ್ಲ ಹೊರಗೆ ಬಂದು ಮೆತ್ತಗಾದ ಪೌಡರನ್ನು ಒಡೆಯುತ್ತದೆ. ಇದಕ್ಕೆ ಉಪಾಯ ಸುಲಭ. ಪೌಡರ್ ಹಾಕುವ ಮೊದಲೇ ಬರೀ ಕವರನ್ನು ಒಮ್ಮೆ ಒಲೆಯಲ್ಲಿ ಕಾಯಿಸಿ, ಎಣ್ಣೆ ಬೆವರಲು ಬಿಟ್ಟು, ಮತ್ತೆ ತೊಳೆಯಬೇಕು. ಅವರು ಅದನ್ನು ಮಾಡಿರಲಿಲ್ಲ. ಗ್ಯಾಸ್ಕೆಟ್ (ಆಯಿಲ್ ಸೋರದಂತೆ ನಡುವೆ ಇಡುವ ತೆಳು ಹಾಳೆ) ಕೂರುವ ಅಂಚಿಗೂ ಬೋಲ್ಟ್ ತೂತಿಗೂ ಟೇಪ್ ಹಚ್ಚಿರಲಿಲ್ಲ. ಬೋಲ್ಟ್ ಒಳಗೇ ಹೋಗಲಿಲ್ಲ, ಅಂಚು ಕೆರೆಯಲು ಒಂದು ಭಾನುವಾರ ಹೋಯಿತು. 2021ರಲ್ಲಿ ಬೇರೆ ಕಡೆ ಎಲ್ಲ ಕೆರೆಸಿ ಹೊಸದಾಗಿ ಮಾಡಿಸಿದೆ, ಈ ಸಲ ಹೇಳಬೇಕಾದ್ದನ್ನು ಚೀಟಿ ಬರೆದು ಕವರಿಗೇ ಕಟ್ಟಿ ಕೊಟ್ಟೆ. ಅದೇ ಕೋಟಿಂಗ್ ಇವತ್ತಿಗೂ ಇದೆ. ವಾರಕ್ಕೊಮ್ಮೆ ಸಿಹಿನೀರು ಸುರಿಯುತ್ತೇನೆ, ಅಷ್ಟೇ. ಬ್ರೇಕ್ ಪೆಡಲ್ ಹತ್ತಿರ ಬೂಟು ಉಜ್ಜುವಲ್ಲಿ ಮಾತ್ರ ಒಂದು ಕಡೆ ಚಕ್ಕೆ ಎದ್ದು, ಸುತ್ತ ಗುಳ್ಳೆ ಬಂದಿದೆ. ಅಷ್ಟಕ್ಕೇ ತೇಪೆ ಹಾಕಲು ಬರುವುದಿಲ್ಲ. ಇವತ್ತಲ್ಲ ನಾಳೆ ಪೂರ್ತಿ ಕೆರೆಸಲೇಬೇಕು.

ಎಡಗಡೆಗೆ ಯಾವ ಲೇಪವೂ ಇಲ್ಲ. ಹಳೇ ಲ್ಯಾಕರ್ ತೆಗೆದು, 400, 800, 1200, 2000 ನಂಬರಿನ ವಾಟರ್ ಪೇಪರಿನಲ್ಲಿ (ನೀರು ಹಾಕಿ ಉಜ್ಜುವ ಮರಳು ಕಾಗದ) ಉಜ್ಜಿ, ಮೆಟಲ್ ಪಾಲಿಶ್ ಹಚ್ಚಿ, ಮೇಲೆ ವ್ಯಾಕ್ಸ್. ನುಣುಪಾದಷ್ಟೂ ಉಪ್ಪು ಕೂರಲು ಜಾಗ ಕಡಿಮೆ. ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ಕೈಯಾಡಿಸಿದರೆ ಸಾಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪ್ರತಿ ಭಾನುವಾರ. ಒಂದು ವಾರ ತಪ್ಪಿದರೆ ಮಂಕು, ಮೂರು ವಾರ ತಪ್ಪಿದರೆ ಬಿಳಿ ಚುಕ್ಕೆ. ಆದರೆ ಆ ಚುಕ್ಕೆ ನಾನೇ ಜಗಲಿ ಮೇಲೆ ಕೂತು ತೆಗೆಯಬಹುದು, ಹುಬ್ಬಳ್ಳಿಗೆ ಹೋಗಬೇಕಾಗಿಲ್ಲ. ನನ್ನ ಅವಸ್ಥೆ ನೋಡಿ ಆಯಿ ಒಂದು ದಿನ ಒಲೆಯ ಬೂದಿ ತಂದುಕೊಟ್ಟಳು. ದಯವಿಟ್ಟು ಬೂದಿ ಬೇಡ. ಬೂದಿಯ ಕ್ಷಾರ ಅಲ್ಯೂಮಿನಿಯಂ ತಿನ್ನುತ್ತದೆ. ಸರ್ವಿಸ್ ಸ್ಟೇಷನ್ನಿನಲ್ಲಿ ಕಾಸ್ಟಿಕ್ ಸೋಡಾ ಇರುವ ನೀರು ಹೊಡೆದರೂ ಅದೇ ಕಥೆ, ಕವರ್ ಬೂದು ಬಣ್ಣಕ್ಕೆ ತಿರುಗುತ್ತದೆ.

ಆನೊಡೈಸಿಂಗ್ ಮಾಡಿಸಬಹುದಲ್ವಾ ಎಂದು ಬಹಳ ಜನ ಕೇಳುತ್ತಾರೆ. ಅದು ಮೇಲೆ ಬಳಿಯುವ ಬಣ್ಣವಲ್ಲ, ಲೋಹದಿಂದಲೇ ಬೆಳೆಸುವ ಪದರ, ಹಾಗಾಗಿ ಸುಲಿಯುವುದಿಲ್ಲ. ನನ್ನ ಫುಟ್‌ಪೆಗ್, ಹ್ಯಾಂಡಲ್ ಕ್ಲ್ಯಾಂಪ್ ಎರಡೂ ಆನೊಡೈಸ್ ಆದವೇ, ಗಟ್ಟಿ ಇವೆ. ಕ್ಲ್ಯಾಂಪಿನ ಕೆಂಪು ಬಿಸಿಲಿಗೆ ಗುಲಾಬಿಯಾಗಿದೆ ಅನ್ನುವುದು ಬೇರೆ ಮಾತು. ಆದರೆ ಎಂಜಿನ್ ಕವರಿನಂಥ ಎರಕದ ಸಾಮಾನಿಗೆ ಇದು ಹೊಂದುವುದಿಲ್ಲ. ಎರಕದಲ್ಲಿ ಸಿಲಿಕಾನ್ ಜಾಸ್ತಿ, ಬಣ್ಣ ಮಚ್ಚೆಮಚ್ಚೆಯಾಗಿ ಕೂರುತ್ತದೆ.

ಲೇಪ ಯಾವುದಾದರೂ ಇರಲಿ, ಸ್ಟೇನ್‌ಲೆಸ್ ಬೋಲ್ಟ್ ಹಾಕುವಾಗ ಅದರ ಥ್ರೆಡ್ಡಿಗೆ (ತಿರುಪಿನ ಗೆರೆಗಳಿಗೆ) ಆ್ಯಂಟಿ-ಸೀಜ್ ಗ್ರೀಸ್ (ಬೋಲ್ಟ್ ಕಚ್ಚಿಕೊಳ್ಳದಂತೆ ತಡೆಯುವ ಗ್ರೀಸ್) ಹಚ್ಚಿ. ಎರಡು ಬೇರೆ ಲೋಹ, ನಡುವೆ ಉಪ್ಪುನೀರು ಸೇರಿದರೆ ಸವೆಯುವುದು ಅಲ್ಯೂಮಿನಿಯಮ್ಮೇ. ನನ್ನದೊಂದು ಬೋಲ್ಟ್ ಒಳಗಿನ ಥ್ರೆಡ್ಡಿನ ಸಮೇತ ಕಿತ್ತು ಬಂತು.

ಶಿರಸಿಯ ಭಾವನ ಬೈಕಿಗೂ ಇದೇ ಪಾಲಿಶ್ ಮಾಡಿಕೊಟ್ಟಿದ್ದೆ. ಅವನು ದೀಪಾವಳಿಗೊಮ್ಮೆ ಆಯುಧಪೂಜೆಗೊಮ್ಮೆ ಒರೆಸುತ್ತಾನೆ. ಅದು ನನ್ನದಕ್ಕಿಂತ ಚೆನ್ನಾಗಿದೆ! ಅಲ್ಲೂ ಮಳೆ ಜೋರೇ, ಆದರೆ ಘಟ್ಟದ ಮೇಲೆ ಉಪ್ಪುಗಾಳಿ ಇಲ್ಲ. ಶಿರಸಿ, ಸಿದ್ದಾಪುರದವರು ಕೋಟಿಂಗಿಗೆ ಸುಮ್ನೆ ದುಡ್ಡು ಹಾಕಬೇಡಿ, ಪಾಲಿಶ್ ಮಾಡಿ ಹಾಯಾಗಿರಿ. ಕಾರವಾರ, ಅಂಕೋಲಾ, ಕುಮಟಾದವರು ಮಾತ್ರ ನಿಮ್ಮ ಭಾನುವಾರಗಳನ್ನು ಮೊದಲು ಲೆಕ್ಕ ಹಾಕಿ.

ನನ್ನ ಮಗಳಿಗೆ ಈಗ ಎರಡು ವರ್ಷ, ಭಾನುವಾರಗಳೆಲ್ಲ ಅವಳ ಪಾಲಿಗೆ ಹೋಗಿವೆ. ನಿನ್ನೆ ಆಯಿಲ್ ಇಳಿಸಿ ಎಡಗಡೆಯ ಕವರನ್ನೂ ಬಿಚ್ಚಿದೆ. ಹೊಸ ಗ್ಯಾಸ್ಕೆಟ್ ಬಂದಿದೆ, ಚೀಟಿಯೂ ಬರೆದಾಗಿದೆ: "ಮೊದಲು ಬರೀ ಕವರ್ ಕಾಯಿಸಿ. ಅಂಚಿಗೆ, ತೂತಿಗೆ ಟೇಪ್ ಹಚ್ಚಿ. ಬಣ್ಣ ಕಪ್ಪು."