ಆರ್‌ಡಿ 350 ರೇಸ್ ಚಾಸಿ ನೆಟ್ಟಗೆ ಮಾಡಿಸಿದೆ: ಹನ್ನೊಂದು ವಾರ, 41,900 ರೂಪಾಯಿ

ಮೊದಲೇ ಹೇಳಿಬಿಡುತ್ತೇನೆ. ಮೈಸೂರು ರಸ್ತೆ ಕಡೆ ಇರುವ, ಬೈಕಿನ ಚಾಸಿ (ಗಾಡಿಯ ಚೌಕಟ್ಟು) ನೆಟ್ಟಗೆ ಮಾಡಿಕೊಡುವ ಈ ಚಿಕ್ಕ ವರ್ಕ್‌ಶಾಪ್‌ಗೆ ನಾನು ಮತ್ತೆ ಹೋಗುತ್ತೇನೆ. ಕೆಲಸ ತುಂಬಾ ತಡವಾಯಿತು, ನಡುವೆ ಒಂದು ತಪ್ಪೂ ಆಯಿತು, ಎರಡನ್ನೂ ಕೆಳಗೆ ಬರೆದಿದ್ದೇನೆ. ಆದರೂ ಹೋಗುತ್ತೇನೆ. ಅಂಗಡಿಯ ಹೆಸರು ಹಾಕುತ್ತಿಲ್ಲ, ಮೇಸ್ತ್ರಿಯೇ ಬೇಡ ಅಂದರು. ಅಪ್ಪ, ಮಗ ಇಬ್ಬರೇ ಕೆಲಸ ಮಾಡುವ ಜಾಗ ಅದು. ಒಂದು ಸಲಕ್ಕೆ ಮೂರು ಚಾಸಿಗಿಂತ ಜಾಸ್ತಿ ಒಳಗೆ ತೆಗೆದುಕೊಳ್ಳುವುದಿಲ್ಲ.

ನಾನು ಕೊಂಡಿದ್ದು ಪೂರ್ತಿ ಗಾಡಿ ಅಲ್ಲ. ಒಂದು ರಾಜ್‌ದೂತ್ 350 ಚಾಸಿ, ಅದರ ಆರ್‌ಸಿ, ಎರಡು ಗೋಣಿಚೀಲದಲ್ಲಿ ಬಿಚ್ಚಿಟ್ಟ ಎಂಜಿನ್. ಎಸ್ಕಾರ್ಟ್ಸ್ ಕಂಪನಿ 1983ರಲ್ಲಿ ನಮ್ಮ ದೇಶದಲ್ಲಿ ಬಿಟ್ಟ ಗಾಡಿ ಇದು, ಅದಕ್ಕೂ ಹತ್ತು ವರ್ಷ ಮೊದಲು ಜಪಾನಿನಲ್ಲಿ ಬಂದ ಯಮಹಾ ಆರ್‌ಡಿ 350ಯದೇ ಮೈಕಟ್ಟು, ಹಾಗಾಗಿ ಇದನ್ನೂ ಆರ್‌ಡಿ ಅಂತಲೇ ಕರೆಯುತ್ತೇವೆ. ನನ್ನ ಕೈಗೆ ಬಂದ ಚಾಸಿ 80ರ ದಶಕದಲ್ಲಿ ಶೋಲಾವರಂನಲ್ಲಿ ರೇಸ್ ಓಡಿದ್ದು ಅಂತ ಮಾರಿದವರು ಹೇಳಿದರು. ಚೆನ್ನೈ ಹತ್ತಿರ ಎರಡನೇ ಮಹಾಯುದ್ಧದ ಕಾಲದ ವಿಮಾನ ಇಳಿದಾಣದಲ್ಲಿ ನಡೆಯುತ್ತಿದ್ದ ಆ ರೇಸ್‌ಗಳ ಬಗ್ಗೆ ನಮ್ಮ ಕಡೆಯ ಹಳೇ ಬೈಕ್ ಹುಚ್ಚಿನವರಿಗೆ ಹೇಳಿಕೊಡಬೇಕಾಗಿಲ್ಲ. ಮಾತನ್ನು ನಂಬಬೇಕೋ ಬೇಡವೋ ಗೊತ್ತಾಗಲಿಲ್ಲ, ಆದರೆ ಚಾಸಿಯನ್ನು ನೋಡಿದರೆ ಸಾಕಿತ್ತು. ಡಬಲ್ ಸ್ಟ್ಯಾಂಡಿನ ಕಿವಿಗಳನ್ನು ಕತ್ತರಿಸಿ ಅರದಿಂದ ನುಣುಪು ಮಾಡಿದ್ದಾರೆ. ಸೈಡ್ ಸ್ಟ್ಯಾಂಡ್ ಇಲ್ಲ. ಕಾಲಿಡುವ ಪೆಗ್‌ಗಳು ಹಿಂದಕ್ಕೂ ಮೇಲಕ್ಕೂ ಹೋಗಿವೆ. ಸ್ಟೀರಿಂಗ್ ಹೆಡ್ (ಹ್ಯಾಂಡಲ್, ಫೋರ್ಕ್ ತಿರುಗುವ ಮುಂದಿನ ಕೊಳವೆ) ಹಿಂದೆ ಎರಡು ತಗಡಿನ ಪಟ್ಟಿ ಇಟ್ಟು ಹಿತ್ತಾಳೆಯಲ್ಲಿ ಬೆಸೆದಿದ್ದಾರೆ. ಸುಮ್ನೆ ಶೋಕಿಗೆ ಯಾರೂ ಇಷ್ಟು ಮಾಡುವುದಿಲ್ಲ.

ಈ ಚಾಸಿಯ ಮೇಲೆ ನನಗೆ ಇಷ್ಟು ಪ್ರೀತಿ ಯಾಕೆ ಅಂತ ಕೇಳುವವರಿಗೆ ಒಂದು ಮಾತು. ಎಲ್ಲರೂ ಆರ್‌ಡಿಯ ಸದ್ದಿನ ಬಗ್ಗೆ, ಎಳೆತದ ಬಗ್ಗೆ ಮಾತಾಡುತ್ತಾರೆ. 64×54 ಮಿಮೀ ಅಳತೆಯ 347 ಸಿಸಿ ಎಂಜಿನ್, ಯಮಹಾದ ಟಿಜೆಡ್ 350 ರೇಸ್ ಬೈಕಿಗೂ ಇದೇ ಬೋರ್ (ಸಿಲಿಂಡರಿನ ಅಗಲ), ಇದೇ ಸ್ಟ್ರೋಕ್ (ಪಿಸ್ಟನ್ ಓಡುವ ದೂರ). ಆದರೆ ಚಾಸಿಯೂ ರೇಸ್ ಮನೆತನದ್ದೇ. ಹೆಡ್‌ನಿಂದ ಎರಡು ಪೈಪು ಇಳಿದು, ಎಂಜಿನ್ನನ್ನು ತೊಟ್ಟಿಲಲ್ಲಿಟ್ಟ ಹಾಗೆ ಹಿಡಿದು, ಹಿಂದೆ ಮತ್ತೆ ಮೇಲೆ ಹೋಗುತ್ತವೆ. ಅಂಥ ಚಾಸಿ ಸೊಟ್ಟಗಿದ್ದರೆ ಎಂಜಿನ್ನಿಗೆ ಎಷ್ಟು ದುಡ್ಡು ಸುರಿದರೂ ಗಾಡಿ ತಿರುವಿನಲ್ಲಿ ನಿಮ್ಮ ಮಾತು ಕೇಳುವುದಿಲ್ಲ. ನಮ್ಮಲ್ಲಿ ಹೆಚ್ಚಿನವರು ಮೊದಲು ಪಿಸ್ಟನ್, ಆಮೇಲೆ ಕಾರ್ಬುರೇಟರ್, ಆಮೇಲೆ ಸೈಲೆನ್ಸರ್ ಅಂತ ಹೋಗಿ, ಚಾಸಿಗೆ ಬಣ್ಣ ಹೊಡೆಸಿ ಸುಮ್ಮನಾಗುತ್ತಾರೆ. ನನಗೂ ಹಾಗೇ ಆಗುವುದರಲ್ಲಿತ್ತು.

ಮೊದಲು ಬೇರೆ ಒಂದು ಕಡೆ ಕೊಟ್ಟಿದ್ದೆ. ಅವರು ನಾಲ್ಕೇ ದಿನದಲ್ಲಿ ಪೌಡರ್ ಕೋಟಿಂಗ್ (ಪುಡಿ ಬಣ್ಣ ಸಿಂಪಡಿಸಿ ಕಾಯಿಸುವುದು) ಮಾಡಿ ಮಿರಮಿರ ಮಿಂಚುವ ಕಪ್ಪು ಚಾಸಿ ಕೈಗೆ ಕೊಟ್ಟರು. ಅಳತೆ ನೋಡಿದ್ದೀರಾ ಅಂತ ಕೇಳಿದ್ದಕ್ಕೆ, ಕಣ್ಣಲ್ಲೇ ಗೊತ್ತಾಗುತ್ತೆ ಸಾರ್, ನೆಟ್ಟಗಿದೆ ಅಂದರು. ಚಾಸಿ ನಂಬರಿನ ಅಂಕಿಗಳು ಕೋಟಿಂಗಿನಲ್ಲಿ ಅರ್ಧ ಮುಚ್ಚಿಹೋಗಿದ್ದವು. ಇದನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬೇಡಿ, ಆರ್‌ಟಿಓ ಪರೀಕ್ಷೆಗೆ ಹೋದಾಗ ಆ ನಂಬರು ಸ್ಪಷ್ಟವಾಗಿ ಓದಲು ಬರಲೇಬೇಕು. ನನಗೆ ಬೇಸರಕ್ಕಿಂತ ಭಯವೇ ಜಾಸ್ತಿ ಆಯಿತು. ಗೆಳೆಯನೊಬ್ಬ ಈ ಅಪ್ಪ ಮಗನ ಜಾಗ ಹೇಳಿದ. ಹೊತ್ತುಕೊಂಡು ಹೋದೆ.

ಮೇಸ್ತ್ರಿ ಹೊಸ ಕೋಟಿಂಗ್ ನೋಡಿ ಏನೂ ಅನ್ನಲಿಲ್ಲ. "ಮೊದಲು ಅಳೆಯೋಣ ಸಾರ್, ಆಮೇಲೆ ಮಾತು" ಅಂದರು, ಅಷ್ಟೇ. ಅಳೆಯುವುದಕ್ಕೆ ಮಾತ್ರ 3,000 ರೂಪಾಯಿ, ಕೆಲಸ ಅಲ್ಲಿ ಮಾಡಿಸಿದರೂ ಬಿಟ್ಟರೂ ಕೊಡಬೇಕು. ನನಗೆ ಇದು ಸರಿ ಅನ್ನಿಸಿತು. ಪುಕ್ಕಟೆ ಅಳೆದುಕೊಟ್ಟರೆ ಆ ಖರ್ಚನ್ನು ಬೇರೆ ಕೆಲಸದ ಮೇಲೆ ಹಾಕಲೇಬೇಕಲ್ಲ.

ಅಳೆಯುವುದನ್ನು ಪಕ್ಕದಲ್ಲೇ ನಿಂತು ನೋಡಿದೆ. ದಪ್ಪ ಕಬ್ಬಿಣದ ಮೇಜಿನ ಮೇಲೆ ಜಿಗ್, ಅಂದರೆ ಚಾಸಿಯನ್ನು ಅಲುಗದ ಹಾಗೆ ಹಿಡಿಯುವ ಸಾಧನ. ಸ್ವಿಂಗ್ ಆರ್ಮ್ (ಹಿಂದಿನ ಚಕ್ರ ಹಿಡಿಯುವ ತೋಳು) ಕೂರುವ ತೂತಿನಲ್ಲಿ ಒಂದು ಶಾಫ್ಟ್ ತೂರಿಸಿ ಚಾಸಿಯನ್ನು ಬಿಗಿ ಮಾಡಿದರು. ಸ್ಟೀರಿಂಗ್ ಹೆಡ್ಡಿನಲ್ಲಿ ಇನ್ನೊಂದು ಉದ್ದ ಶಾಫ್ಟ್. ಇವೆರಡೂ ಒಂದಕ್ಕೊಂದು ಮೂಲೆಮಟ್ಟವಾಗಿ ಇರಬೇಕು, ಅಂದರೆ ಮುಂದಿನ ಚಕ್ರವೂ ಹಿಂದಿನ ಚಕ್ರವೂ ಒಂದೇ ಸಮ ನಿಲ್ಲಬೇಕು. ನನ್ನದರಲ್ಲಿ ಅರ್ಧ ಮೀಟರ್ ಶಾಫ್ಟಿನ ತುದಿಯಲ್ಲಿ 6 ಮಿಮೀ ಎಡಕ್ಕೆ ವಾಲಿತ್ತು. ಆಮೇಲೆ ಚಕ್ರ ಹಾಕಿ, ಚೈನ್ ಅಡ್ಜಸ್ಟರನ್ನು ನಡುವಿಗೆ ತಂದು ಎರಡು ಎಕ್ಸಲ್ ನಡುವಿನ ದೂರ ನೋಡಿದರು. 1,320 ಮಿಮೀ ಸುಮಾರಿಗೆ ಇರಬೇಕಾದದ್ದು 1,306 ಬಂತು. ಯಾವತ್ತೋ ಮುಂದಿನಿಂದ ಬಲವಾಗಿ ಗುದ್ದಿದೆ, ಹೆಡ್ ಹಿಂದಕ್ಕೆ ತಳ್ಳಿಕೊಂಡು ಹೋಗಿದೆ. ಎಡಗಡೆ ಇಳಿಯುವ ಪೈಪಿನ ಒಳಮೈಯಲ್ಲಿ ಬೆರಳಾಡಿಸಿ ನೋಡು ಅಂದರು. ಸಣ್ಣ ಸುಕ್ಕು. ಆ ಹೊಳಪಿನ ಕೋಟಿಂಗ್ ಕೆಳಗೆ ಕಣ್ಣಿಗೆ ಕಾಣುತ್ತಲೇ ಇರಲಿಲ್ಲ, ಬೆರಳಿಗೆ ಸಿಕ್ಕಿತು.

ಮಗ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದ. ಎಡ, ಬಲ, ಮೇಲೆ, ಕೆಳಗೆ, ಹದಿನಾಲ್ಕು ಅಳತೆ. ಪಕ್ಕದಲ್ಲಿ ಇನ್ನೊಂದು ಸಾಲು ಖಾಲಿ ಬಿಟ್ಟ, ಕೆಲಸ ಮುಗಿದ ಮೇಲೆ ತುಂಬಲಿಕ್ಕೆ. ನನ್ನ ಪ್ರಕಾರ ಈ ಜಾಗದ ದೊಡ್ಡ ಗುಣ ಆ ಹಾಳೆಯೇ. ನೀವು ಯಾವ ವರ್ಕ್‌ಶಾಪ್‌ಗೆ ಹೋದರೂ ಮೊದಲು ಇಂಥ ಹಾಳೆ ಕೇಳಿ. ಕೊಡದಿದ್ದರೆ ಚಾಸಿ ಎತ್ತಿಕೊಂಡು ವಾಪಸ್ ಬನ್ನಿ.

ಕೋಟಿಂಗ್ ಪೂರ್ತಿ ತೆಗೆಸಿದ ಮೇಲೆ ಕೆಂಪು ಡೈ ಪರೀಕ್ಷೆ ಮಾಡಿದರು. ಕೆಂಪು ದ್ರಾವಣ ಬಳಿದು, ಸ್ವಲ್ಪ ಹೊತ್ತು ಬಿಟ್ಟು, ಒರೆಸಿ, ಮೇಲೆ ಬಿಳಿ ಪುಡಿಯ ಸ್ಪ್ರೇ. ಬಿರುಕು ಇದ್ದರೆ ಒಳಗೆ ಕೂತ ಕೆಂಪು ಹೊರಗೆ ಹೀರಿಕೊಂಡು ಗೆರೆಯಾಗಿ ಕಾಣುತ್ತದೆ. ಕಂಡಿತು. ಹಳೇ ರೇಸ್ ಮೆಕ್ಯಾನಿಕ್ ಇಟ್ಟ ತಗಡಿನ ಪಟ್ಟಿ ಎಲ್ಲಿ ಮುಗಿಯುತ್ತದೋ ಸರಿಯಾಗಿ ಅಲ್ಲೇ, ಕೂದಲೆಳೆಯಷ್ಟು, ಸುಮಾರು 15 ಮಿಮೀ ಉದ್ದ. ಪಟ್ಟಿ ಇರುವಲ್ಲಿ ಚಾಸಿ ಗಟ್ಟಿ, ಅದು ಮುಗಿದ ಕೂಡಲೇ ಪೈಪು ಬಾಗಲು ನೋಡುತ್ತದೆ, ಎಲ್ಲ ಒತ್ತಡವೂ ಆ ಗಡಿಯಲ್ಲಿ ಬಂದು ಕೂರುತ್ತದೆ. ಮೊದಲಿನವರು ಇದರ ಮೇಲೆಯೇ ಕೋಟಿಂಗ್ ಹೊಡೆದಿದ್ದರು. ಅದೇ ಚಾಸಿಯಲ್ಲಿ 120ರಲ್ಲಿ ಹೋಗಿದ್ದರೆ ಏನಾಗುತ್ತಿತ್ತು ಅಂತ ನೆನೆಸಿದರೆ ಈಗಲೂ ಕೈ ತಣ್ಣಗಾಗುತ್ತದೆ.

ಬಿರುಕನ್ನು ಟಿಗ್ ವೆಲ್ಡಿಂಗ್ (ಉಕ್ಕನ್ನೇ ಕರಗಿಸಿ ಸೇರಿಸುವ ವಿದ್ಯುತ್ ಬೆಸುಗೆ) ಮಾಡಿಬಿಡಿ ಅಂದೆ. ಮೇಸ್ತ್ರಿ ತಲೆ ಅಲ್ಲಾಡಿಸಿದರು. ಹಿತ್ತಾಳೆ ಇರುವ ಜಾಗದಲ್ಲಿ ಉಕ್ಕನ್ನು ಕರಗಿಸಿದರೆ ಹಿತ್ತಾಳೆ ಉಕ್ಕಿನೊಳಗೆ ನುಗ್ಗಿ ಹೊಸ ಬಿರುಕಿಗೆ ದಾರಿ ಮಾಡುತ್ತದಂತೆ. ಒಂದೋ ಹಿತ್ತಾಳೆಯನ್ನು ಚೂರೂ ಬಿಡದೆ ಕೆರೆದು ತೆಗೆಯಬೇಕು, ಇಲ್ಲವೇ ಹಿತ್ತಾಳೆಯಲ್ಲೇ ರಿಪೇರಿ ಮಾಡಬೇಕು. ಹಳೇ ಬೆಸುಗೆಯನ್ನು ತೋರಿಸಿ "ಇದನ್ನ ಹಾಕಿದವರ ಕೈ ನೋಡಿ ಸಾರ್, ನಾನು ಇದನ್ನ ಕೀಳಲ್ಲ" ಅಂದರು. ನಿಜಕ್ಕೂ ಚೆಂದ ಇತ್ತು, ಮೀನಿನ ಹುರುಪೆಯ ಹಾಗೆ ಒಂದರ ಮೇಲೊಂದು ಒಪ್ಪವಾಗಿ ಕೂತ ಅಲೆಗಳು. ಬಿರುಕಿನ ತುದಿಯಲ್ಲಿ ಅದು ಮುಂದೆ ಓಡದ ಹಾಗೆ ಸಣ್ಣ ತೂತು ಕೊರೆದು, ಪಟ್ಟಿಯ ತುದಿಯನ್ನು ಚೂಪಾಗಿ ಇಳಿಯುವ ಹಾಗೆ ಅರ ಹಾಕಿ, ಹಿತ್ತಾಳೆಯಲ್ಲೇ ಬೆಸೆದರು. 2,500 ರೂಪಾಯಿ. ಹೇಗೆ ಲೆಕ್ಕ ಹಾಕಿದರೂ ಕಡಿಮೆಯೇ.

ನೆಟ್ಟಗೆ ಮಾಡುವ ಕೆಲಸ ನಾಲ್ಕು ದಿನ ಹಿಡಿಯಿತು. ಬಿಸಿ ಮಾಡಲಿಲ್ಲ. ಹೈಡ್ರಾಲಿಕ್ ಜಾಕಿನಿಂದ ಬೇಕಾದದ್ದಕ್ಕಿಂತ ಸ್ವಲ್ಪ ಮುಂದಕ್ಕೆ ಎಳೆಯುವುದು, ಬಿಡುವುದು, ಎಷ್ಟು ವಾಪಸ್ ಬಂತು ಅಂತ ಡಯಲ್ ಗೇಜಿನಲ್ಲಿ ನೋಡುವುದು, ರಾತ್ರಿ ಹಾಗೇ ಬಿಟ್ಟು ಬೆಳಗ್ಗೆ ಮತ್ತೆ ನೋಡುವುದು. ಸುಕ್ಕು ಬಿದ್ದ ಪೈಪನ್ನು ಮಾತ್ರ ಎಳೆದು ಸರಿ ಮಾಡಲು ಬರುವುದಿಲ್ಲ, ಅಲ್ಲಿ ಲೋಹ ಆಗಲೇ ಮಡಚಿಕೊಂಡಿರುತ್ತದೆ. ಅಷ್ಟು ತುಂಡು ಕತ್ತರಿಸಿ, ಒಳಗೆ ತೋಳಿನ ಹಾಗೆ ಒಂದು ಪೈಪು ಇಟ್ಟು, ಹೊಸ ಸೀಮ್‌ಲೆಸ್ (ಜೋಡಣೆಗೆರೆ ಇಲ್ಲದ) ತುಂಡು ಸೇರಿಸಿದರು. ಇಲ್ಲಿ ಹಿತ್ತಾಳೆ ಇರಲಿಲ್ಲ, ಹಾಗಾಗಿ ಟಿಗ್. ಎಲ್ಲ ಸೇರಿ 16,500. ಹಾಳೆಯ ಎರಡನೇ ಸಾಲು ತುಂಬಿತು: 6 ಮಿಮೀ ಇದ್ದದ್ದು 1 ಮಿಮೀ ಒಳಗೆ, 1,306 ಇದ್ದದ್ದು 1,319.

ಬಣ್ಣದ ವಿಷಯದಲ್ಲಿ ನನಗೂ ಅವರಿಗೂ ಒಂದೇ ಅಭಿಪ್ರಾಯ. ಓಡಿಸುವ ಚಾಸಿಗೆ ತೆಳುವಾದ ಪೇಂಟೇ ಸರಿ. ಬಿರುಕು ಬಿಟ್ಟರೆ ಪೇಂಟೂ ಬಿರಿದು ಕಾಣುತ್ತದೆ, ದಪ್ಪ ಪೌಡರ್ ಕೋಟಿಂಗ್ ಮುಚ್ಚಿಬಿಡುತ್ತದೆ. ಡಬಲ್ ಸ್ಟ್ಯಾಂಡಿನ ಕಿವಿಗಳನ್ನು ಮತ್ತೆ ಹಾಕಿಸಿ ಕಂಪನಿಯಿಂದ ಬಂದ ಹಾಗೆ ಮಾಡಿಸು ಅಂತ ಕೆಲವರು ಹೇಳಿದರು. ನಾನು ಒಪ್ಪಲಿಲ್ಲ. ಕತ್ತರಿಸಿದ ಗುರುತು, ಹಿತ್ತಾಳೆಯ ಪಟ್ಟಿ, ಹಿಂದಕ್ಕೆ ಹೋದ ಪೆಗ್ ಎಲ್ಲ ಆ ಚಾಸಿಯ ಬದುಕು. ಅದನ್ನು ಅಳಿಸಿದರೆ ಉಳಿಯುವುದು ಇನ್ನೊಂದು ಮಾಮೂಲಿ ಆರ್‌ಡಿ.

ಈಗ ತಪ್ಪಿನ ವಿಷಯ. ಸ್ವಿಂಗ್ ಆರ್ಮಿನ ಹಳೇ ಬುಷ್ (ಶಾಫ್ಟ್ ತಿರುಗುವ ಲೋಹದ ಉಂಗುರ) ತೆಗೆದು ಗನ್ ಮೆಟಲ್ (ಒಂದು ಬಗೆಯ ಕಂಚು) ಬುಷ್ ಮಾಡಿಸಿದ್ದರು, ಲೇತ್‌ನಲ್ಲಿ ತಿರುವಿ, ಒತ್ತಿ ಕೂರಿಸಿ, ಆಮೇಲೆ ತೂತಿನ ಅಳತೆ ಸರಿ ಮಾಡುವ ರೀಮರ್ ಹಾಕಿ. ಬಿಗುವು ತುಂಬಾ ಚೆನ್ನಾಗಿತ್ತು. ಆದರೆ ಹೊಸದಾಗಿ ಜೋಡಿಸಿದ ಎಂಜಿನ್ ಹದ ಮಾಡುವಾಗ 200 ಕಿಮೀ ಓಡಿಸುವಷ್ಟರಲ್ಲಿ ಹಿಂದಿನಿಂದ ಕಿರ್ ಕಿರ್ ಸದ್ದು. ಬಿಚ್ಚಿ ನೋಡಿದರೆ ಶಾಫ್ಟಿನ ಮೇಲೆ ಗೀರು. ಸ್ಯಾಂಡ್ ಬ್ಲಾಸ್ಟಿಂಗ್‌ಗೆ (ಮರಳು ಹೊಡೆದು ಮೈ ಚೊಕ್ಕ ಮಾಡಲು) ಹೊರಗೆ ಕೊಟ್ಟಾಗ ಸ್ವಿಂಗ್ ಆರ್ಮಿನ ತೂತಿಗೆ ಬಿರಟೆ ಹಾಕಲು ಮರೆತಿದ್ದಾರೆ, ಒಳಗೆ ಉಳಿದ ಮರಳು ಹೊಸ ಬುಷ್ಷನ್ನು ತಿಂದಿದೆ. ಫೋನ್ ಮಾಡಿದೆ. ಮೇಸ್ತ್ರಿ ವಾದ ಮಾಡಲಿಲ್ಲ, "ತಪ್ಪು ನಮ್ಮದೇ ಸಾರ್, ತನ್ನಿ" ಅಂದರು. ಎಲ್ಲ ಪೈಪುಗಳಿಗೂ ಸೀಮೆಎಣ್ಣೆ ಹರಿಸಿ, ಗಾಳಿ ಹೊಡೆದು, ಹೊಸ ಬುಷ್, ಹೊಸ ಶಾಫ್ಟ್ ಹಾಕಿಕೊಟ್ಟರು, ದುಡ್ಡು ತೆಗೆದುಕೊಳ್ಳಲಿಲ್ಲ. ಆದರೆ ಗಾಡಿ ಬಿಚ್ಚಿ ಜೋಡಿಸಿದ್ದು ನನ್ನ ಎರಡು ಭಾನುವಾರ. ನೀವು ಬ್ಲಾಸ್ಟಿಂಗ್‌ಗೆ ಕೊಡುವ ಮೊದಲು ಎಲ್ಲ ತೂತಿಗೂ ರಬ್ಬರ್ ಬಿರಟೆ ನಿಮ್ಮ ಕೈಯಿಂದಲೇ ಹಾಕಿ.

ಐದು ವಾರ ಅಂದಿದ್ದು ಹನ್ನೊಂದು ವಾರ ಆಯಿತು. ಇದು ನನಗೆ ಇಷ್ಟವಾಗಲಿಲ್ಲ. ತಡವಾದದ್ದಕ್ಕಿಂತ, ತಡವಾಗುತ್ತೆ ಅಂತ ಅವರಾಗೇ ಒಂದು ಫೋನ್ ಮಾಡಲಿಲ್ಲ ಅನ್ನುವುದು ಬೇಸರ. ಪ್ರತಿ ಸಲ ನಾನೇ ಕೇಳಬೇಕಾಯಿತು.

ಸೆಟ್ಟಿಂಗ್‌ಗೆ ಒಂದು ಇಡೀ ದಿನ ಕೊಟ್ಟರು, 5,000 ರೂಪಾಯಿ. ಕಂಪನಿಯ ಬಿಡಿ ಗುಂಡುಗಳ ಕೋನ್ ಸೆಟ್ ಬದಲು ಸ್ಟೀರಿಂಗ್ ಹೆಡ್ಡಿಗೆ ಟೇಪರ್ ಬೇರಿಂಗ್ (ಓರೆಯಾದ ರೋಲರ್‌ಗಳದ್ದು) ಹಾಕಿದರು. ಟೇಪರಿನ ಎತ್ತರ ಬೇರೆ ಇರುವುದರಿಂದ ಕೆಳಗೆ ಶಿಮ್ (ತೆಳು ತಗಡಿನ ಬಿಲ್ಲೆ) ಇಡಬೇಕಾಯಿತು. ಬಿಗಿ ಎಷ್ಟು ಅಂತ ನೋಡಲು ಮುಂದಿನ ಚಕ್ರ ಎತ್ತಿ ಹ್ಯಾಂಡಲ್ಲನ್ನು ಮೆಲ್ಲಗೆ ತಟ್ಟಿದರು. ತನ್ನ ಭಾರಕ್ಕೆ ತಾನೇ ಕೊನೆವರೆಗೂ ಹೋಗಬೇಕು, ನಡುವೆ ಎಲ್ಲೂ ಕಚ್ಚಬಾರದು, ಫೋರ್ಕ್ ಹಿಡಿದು ಹಿಂದೆ ಮುಂದೆ ಎಳೆದರೆ ಕಟಕಟ ಅನ್ನಲೂಬಾರದು. ಚಕ್ರಗಳ ನೇರಕ್ಕೆ ಎರಡು ಬದಿಯಲ್ಲೂ ದಾರ ಕಟ್ಟಿ ನೋಡಿದರು. ಹಿಂದಿನ ಮಾಲೀಕರು 20 ಮಿಮೀ ಉದ್ದದ ಶಾಕ್ ಅಬ್ಸಾರ್ಬರ್ ಹಾಕಿದ್ದರು. ಹಿಂದೆ ಎತ್ತರವಾದರೆ ಮುಂದಿನ ಫೋರ್ಕ್ ಇನ್ನಷ್ಟು ಕಡಿದಾಗಿ ನಿಲ್ಲುತ್ತದೆ, ಬೇಗ ತಿರುಗುತ್ತದೆ, ಆದರೆ ನೇರ ದಾರಿಯಲ್ಲಿ ತಲೆ ಅಲ್ಲಾಡಿಸುತ್ತದೆ. ಕಂಪನಿ ಉದ್ದದ ಶಾಕ್ ಹಾಕಿ, ಫೋರ್ಕ್ ಕಾಲುಗಳನ್ನು ಕ್ಲಾಂಪಿನಲ್ಲಿ 5 ಮಿಮೀ ಮಾತ್ರ ಮೇಲೆತ್ತಿದರು. ನನ್ನನ್ನು ಹೆಲ್ಮೆಟ್, ಜಾಕೆಟ್ ಸಮೇತ ಕೂರಿಸಿ ಸ್ಪ್ರಿಂಗ್ ಎಷ್ಟು ಇಳಿಯುತ್ತದೆ ಅಂತ ಅಳೆದರು, ಒಟ್ಟು ಓಟದ ಮೂರನೇ ಒಂದು ಭಾಗಕ್ಕೆ ತಂದರು. ಇಷ್ಟನ್ನು ನಾನು ಬೇರೆ ಯಾವ ಅಂಗಡಿಯಲ್ಲೂ ನೋಡಿರಲಿಲ್ಲ.

ಬುಷ್, ಶಾಫ್ಟ್, ಶಿಮ್‌ಗೆ 4,800, ಟೇಪರ್ ಬೇರಿಂಗ್ ಮತ್ತು ಕೂಲಿ 2,600, ಬ್ಲಾಸ್ಟಿಂಗ್ ಮತ್ತು ಪೇಂಟ್ 7,500. ಎಲ್ಲ ಸೇರಿ 41,900. ಬಿಲ್ಲಿನಲ್ಲಿ ಒಂದೊಂದೂ ಬೇರೆ ಬೇರೆ ಬರೆದಿತ್ತು.

ಹೋದ ತಿಂಗಳು ಟಾಟಾ ಏಸ್‌ನಲ್ಲಿ ಹಾಕಿಕೊಂಡು ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ ಹೋದೆ. ಮೊದಲ ಐದು ಸುತ್ತು ಭಯದಲ್ಲೇ ಹೋಯಿತು, ಮುಂದೆ ಡ್ರಮ್ ಬ್ರೇಕ್ ಅಲ್ವಾ, ಬೇಗ ಹಿಡಿಯಬೇಕು. ಆರನೇ ಸುತ್ತಿನಲ್ಲಿ ಒಂದು ಉದ್ದ ತಿರುವಿನಲ್ಲಿ ಗಾಡಿ ಮಲಗಿಸಿ ಆಕ್ಸಿಲರೇಟರ್ ಕೊಟ್ಟೆ. ಹಿಂದಿನ ಚಕ್ರ ಎಲ್ಲಿದೆ ಅಂತ ಸೊಂಟಕ್ಕೆ ಗೊತ್ತಾಗುತ್ತಿತ್ತು, ಚೂರೂ ಅಲುಗಲಿಲ್ಲ. ಸಂಜೆ ಟಾರ್ಚ್ ಹಿಡಿದು ಆ ಹಿತ್ತಾಳೆ ಪಟ್ಟಿಯ ತುದಿಯ ಪೇಂಟ್ ನೋಡಿದೆ. ಗೆರೆ ಇಲ್ಲ. ಮೇಸ್ತ್ರಿಗೆ ಫೋಟೋ ಕಳಿಸಿದೆ. 500 ಕಿಮೀ ಆದ ಮೇಲೆ ಚಾಸಿ ತನ್ನಿ, ಮತ್ತೆ ಅಳೆಯೋಣ ಅಂತ ಉತ್ತರ ಬಂತು.