ಚರಂಡಿ ಮುಚ್ಚಿ ಅಲಂಕಾರದ ಕಲ್ಲು ಹಾಸಿಸುವ ಮುನ್ನ ಇದನ್ನು ಓದಿ

ಚಿಕ್ಕಮಗಳೂರಿನ ಅಂಚಿನಲ್ಲಿ ಇಳಿಜಾರು ಕಡಿದು ಕಟ್ಟಿದ ಮನೆ. ಹಿಂದುಗಡೆ 8 ಅಡಿ ಎತ್ತರದ ಧರೆ, ಅಂದರೆ ಇಳಿಜಾರು ಕಡಿದಾಗ ಉಳಿದ ಮಣ್ಣಿನ ಗೋಡೆ. ಧರೆಗೂ ಅಡುಗೆಮನೆ ಗೋಡೆಗೂ ನಡುವೆ 6 ಅಡಿ ಅಗಲ, 30 ಅಡಿ ಉದ್ದದ ಜಾಗ. ಮನೆ ಕಟ್ಟಿದ ಮೇಸ್ತ್ರಿ ಅಲ್ಲಿ ಮಾಡಬೇಕಾದದ್ದನ್ನು ಮಾಡಿಯೇ ಹೋಗಿದ್ದರು: ಗೋಡೆಗೆ ಅಂಟಿಕೊಂಡು ಹೊರಗೆ ವಾಟ (ನೀರು ಹರಿಯುವ ಇಳಿಜಾರು) ಕೊಟ್ಟ ಕಾಂಕ್ರೀಟ್ ಪಟ್ಟಿ, ಧರೆಯ ಬುಡದಲ್ಲಿ ತೆರೆದ ಚರಂಡಿ. ನೋಡಲು ಚೆಂದವಿರಲಿಲ್ಲ, ಕೆಲಸ ಮಾತ್ರ ಮಾಡುತ್ತಿತ್ತು.

ಬೇಸಿಗೆಯಲ್ಲಿ ಗಾರ್ಡನ್ ಕೆಲಸದವರು ಬಂದು ಕಾಂಕ್ರೀಟ್ ಪಟ್ಟಿ ಒಡೆದರು, ಚರಂಡಿಗೆ ಜಲ್ಲಿ ತುಂಬಿದರು, ಇಡೀ ಜಾಗಕ್ಕೆ ಕಪ್ಪು ಪ್ಲಾಸ್ಟಿಕ್ ಶೀಟ್ ಹಾಸಿ ಮೇಲೆ 4 ಇಂಚು ಬಿಳಿ ಕಲ್ಲು ಸುರಿದರು. ‘ಕಲ್ಲು ಇದ್ದರೆ ನೀರು ತಾನೇ ಇಳಿದುಹೋಗುತ್ತದೆ’ ಎಂದು ಮನೆಯವರಿಗೆ ಹೇಳಿದ್ದರು. ಆರಿದ್ರ ಮಳೆ ಹಿಡಿದ ಮೇಲೆ ಗೋಡೆಯ ಒಳಗೆ ತೇವ ಏರತೊಡಗಿತು. ಪುಷ್ಯ ಮಳೆಯ ಹೊತ್ತಿಗೆ 3 ಅಡಿ ಎತ್ತರದವರೆಗೆ ಬಣ್ಣ ಗುಳ್ಳೆ ಎದ್ದು ಗಾರೆ ಉದುರುತ್ತಿತ್ತು, ಅಡುಗೆಮನೆಯ ಕೆಳಗಿನ ಕಪಾಟುಗಳೆಲ್ಲ ಬೂಷ್ಟು. ನೀರು ನಿಂತು ಮೆತ್ತಗಾದ ಧರೆಯ ಬುಡ ಒಂದು ಕಡೆ ಜಾರಿ ಬಿಳಿ ಕಲ್ಲಿನ ಮೇಲೆ ಕೆಮ್ಮಣ್ಣು ಬಂದು ಕೂತಿತು.

ಮಲೆನಾಡಿನ ಕಡೆ ಈಗ ಹೊಸ ಮನೆಗಳಲ್ಲಿ, ಹೋಂಸ್ಟೇಗಳಲ್ಲಿ ಇದೇ ಕೆಲಸ ಇದೇ ರೀತಿಯಲ್ಲಿ ನಡೆಯುತ್ತಿದೆ. ಅದಕ್ಕೇ ಆ ಮನೆಯಲ್ಲಿ ಕಲ್ಲು ಎತ್ತಿಸಿದಾಗ ಏನೇನು ಸಿಕ್ಕಿತು, ಪ್ರತಿಯೊಂದೂ ಯಾಕೆ ಕೆಟ್ಟಿತು ಎಂಬುದನ್ನು ಬಿಡಿಸಿ ಬರೆಯಬೇಕಾಗಿದೆ.

ಮೊದಲು ಲೆಕ್ಕ. ಕಲ್ಲು ನೀರನ್ನು ಹಿಡಿದಿಡುತ್ತದೆ, ಎಲ್ಲಿಗೂ ಸಾಗಿಸುವುದಿಲ್ಲ. 30 ಅಡಿ ಉದ್ದ, 6 ಅಡಿ ಅಗಲ, 4 ಇಂಚು ದಪ್ಪ ಎಂದರೆ 60 ಘನ ಅಡಿ ಕಲ್ಲು. ಪುಡಿಯಿಲ್ಲದ ಒಂದೇ ಅಳತೆಯ ಕಲ್ಲಿನ ನಡುವೆ ಸುಮಾರು ಶೇ 40ರಷ್ಟು ಸಂದು ಇರುತ್ತದೆ. ಅಂದರೆ 24 ಘನ ಅಡಿ, ಸುಮಾರು 680 ಲೀಟರ್. ಮನೆಯ ಮಾಡಿನ ಅರ್ಧ ಭಾಗ, 600 ಚದರ ಅಡಿ, ಹಿಂದಕ್ಕೇ ನೀರು ಸುರಿಸುತ್ತಿತ್ತು. 10 ಮಿಲಿಮೀಟರ್ ಮಳೆ ಬಿದ್ದರೆ ಮಾಡಿನಿಂದ ಸುಮಾರು 560 ಲೀಟರ್, ಆ ಜಾಗದ ಮೇಲೆ ನೇರವಾಗಿ ಬೀಳುವುದು ಇನ್ನೂ 167 ಲೀಟರ್. ಅಲ್ಲಿಗೆ ಕಲ್ಲಿನ ಹಾಸು ತುಂಬಿತು. ಧರೆಯಲ್ಲಿ ಏಳುವ ಜಲ ಈ ಲೆಕ್ಕದಲ್ಲಿ ಸೇರಿಲ್ಲ. ಮೂಡಿಗೆರೆ, ಕೊಪ್ಪ, ಶೃಂಗೇರಿ, ಸಕಲೇಶಪುರದ ಕಡೆ ಜುಲೈಯಲ್ಲಿ ಒಂದೇ ದಿನಕ್ಕೆ 100 ಮಿಲಿಮೀಟರ್ ಬೀಳುವುದು ದೊಡ್ಡ ವಿಷಯವೇ ಅಲ್ಲ. ಹೊರದಾರಿ ಇಲ್ಲದ ಕಲ್ಲಿನ ಹಾಸು ಅಂಥ ಮಳೆಯಲ್ಲಿ ಗೋಡೆಗೆ ತಾಗಿಕೊಂಡಿರುವ ತೊಟ್ಟಿ. ಮೇಲೆ ಕಲ್ಲು ಒಣಗಿದಂತೆ ಕಾಣುವುದರಿಂದ ಅಡಿಯಲ್ಲಿ ನೀರು ನಿಂತಿರುವುದು ಯಾರಿಗೂ ತಿಳಿಯುವುದಿಲ್ಲ. ಸೊಳ್ಳೆಗೆ ಮಾತ್ರ ತಿಳಿಯುತ್ತದೆ. ಡೆಂಗಿ ಹರಡುವ ಸೊಳ್ಳೆಗೆ ಮೊಟ್ಟೆಯಿಡಲು ಇಂಥ ನಿಂತ ನೀರು ಸಾಕು.

ಕಲ್ಲಿನ ಅಡಿಯಲ್ಲಿದ್ದದ್ದು ಕಪ್ಪು ಪ್ಲಾಸ್ಟಿಕ್. ಕಳೆ ಬಾರದಿರಲಿ ಎಂದು ಹಾಕುತ್ತಾರೆ. ಅದರೊಳಗೆ ನೀರು ಇಳಿಯುವುದಿಲ್ಲ, ಇಳಿಜಾರು ಎತ್ತ ಇದೆಯೋ ಅತ್ತ ಹರಿಯುತ್ತದೆ. ಇಲ್ಲಿ ಕಾಂಕ್ರೀಟ್ ಪಟ್ಟಿ ಕಿತ್ತ ಜಾಗದಲ್ಲಿ ಸಡಿಲ ಮಣ್ಣು ಕುಸಿದು ಗೋಡೆಯ ಕಡೆಗೇ ತಗ್ಗಾಗಿತ್ತು, ಅಷ್ಟೂ ನೀರು ಅಲ್ಲಿಗೇ ಹೋಯಿತು. ಇದರ ಬದಲು ಹಸಿರು ನೆಟ್ ಹಾಸುವವರೂ ಇದ್ದಾರೆ. ನೆಟ್ಟಿನ ಕಣ್ಣಲ್ಲಿ ಬೇರು ನುಗ್ಗಿ ಎರಡನೇ ಮಳೆಗಾಲಕ್ಕೆ ಹುಲ್ಲು ಕೀಳಲು ಹೋದರೆ ನೆಟ್ಟೇ ಎದ್ದುಬರುತ್ತದೆ. ಕಲ್ಲಿನಡಿಗೆ ಬೇಕಾದದ್ದು ನೀರು ಬಿಟ್ಟು ಮಣ್ಣು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ. ನೇಯದ ಬಗೆಯದು, ಮುಟ್ಟಿದರೆ ಕಂಬಳಿಯಂತೆ ಇರುತ್ತದೆ, 150ರಿಂದ 200 ಜಿಎಸ್‌ಎಂ (ಒಂದು ಚದರ ಮೀಟರ್ ಬಟ್ಟೆಯ ತೂಕ, ಗ್ರಾಂನಲ್ಲಿ) ಇರಲಿ. ನೇಯ್ದ, ಹೊಳೆಯುವ ಗೊಬ್ಬರದ ಚೀಲದಂಥ ಮ್ಯಾಟ್ ಈ ಕೆಲಸಕ್ಕಲ್ಲ.

ಇನ್ನು ಚರಂಡಿಗೆ ತುಂಬಿದ ಜಲ್ಲಿ. ಹೆಚ್ಚಿನ ಕಡೆ ಕೆಲಸ ಹಾಳಾಗುವುದು ಇಲ್ಲೇ. ಕ್ರಷರ್‌ನಲ್ಲಿ ‘20 ಎಂಎಂ ಡೌನ್’ ಎಂದು ಕೊಡುವುದರಲ್ಲಿ 20ರಿಂದ ಕೆಳಗಿನ ಎಲ್ಲ ಅಳತೆಯೂ ಬೆರೆತಿರುತ್ತದೆ. ಕಾಂಕ್ರೀಟಿಗೆ ಅದೇ ಸರಿ, ಸಣ್ಣದು ದೊಡ್ಡದರ ಸಂದಿಯಲ್ಲಿ ಕೂತು ಗಟ್ಟಿಯಾಗಬೇಕು. ನೀರು ಹರಿಯಬೇಕಾದ ಕಡೆ ಆ ಗಟ್ಟಿತನವೇ ಶತ್ರು. ಒಂದೇ ಅಳತೆಯ 20 ಎಂಎಂ ಜಲ್ಲಿ, ಪುಡಿ ಇಲ್ಲದ್ದು ಎಂದು ಬಿಡಿಸಿ ಕೇಳಿ. ಲೋಡ್ ಇಳಿಸುವ ಮುಂಚೆ ಒಂದು ಲೀಟರ್ ಬಾಟಲಿಯ ಬಾಯಿ ಕತ್ತರಿಸಿ ಅರ್ಧ ಜಲ್ಲಿ ಹಾಕಿ, ನೀರು ತುಂಬಿ, ಚೆನ್ನಾಗಿ ಕಲಕಿ. ನೀರು ಹಾಲಿನಂತಾಗಿ ತಳದಲ್ಲಿ ದಪ್ಪ ಕೆಸರು ನಿಂತರೆ ಆ ಜಲ್ಲಿ ಬೇಡ, ಇಲ್ಲವೇ ತೊಳೆದೇ ಹಾಕಿಸಿ. ಜಲ್ಲಿಯ ಮೇಲೆ ಸಮತಟ್ಟಿಗೆಂದು ಕ್ರಷರ್ ಪುಡಿ ಹರಡಲು ಬಂದರೆ ಒಪ್ಪಲೇಬೇಡಿ. ನೆನೆದು ಒಣಗಿ ಅದು ನೆಲದಂತೆ ಕಚ್ಚಿಕೊಳ್ಳುತ್ತದೆ. ಅಳತೆಯ ವಿಷಯದಲ್ಲಿ ಟ್ರ್ಯಾಕ್ಟರ್ ಲೋಡ್ ಎಂಬ ಲೆಕ್ಕ ನಂಬಬೇಡಿ. ಟ್ರೈಲರಿನ ಉದ್ದ, ಅಗಲ, ತುಂಬಿದ ಎತ್ತರ ಟೇಪಿನಲ್ಲಿ ಅಳೆದು ಘನ ಅಡಿ ಮಾಡಿಕೊಳ್ಳಿ.

ಜಲ್ಲಿಯೊಳಗೆ ತೂತಿನ ಪೈಪ್ ಇತ್ತು. ತೂತು ಮೇಲ್ಮುಖ, ವಾಟ ಇಲ್ಲ, ತುದಿ ಮೂಲೆಯ ಮಣ್ಣಿನೊಳಗೆ ಹೂತು ಮುಗಿದಿತ್ತು. ಆ ಪೈಪ್ ಹಾಕಿದ್ದಕ್ಕೆ ಅರ್ಥವೇ ಇಲ್ಲ. ತೂತು ಮೇಲಿದ್ದರೆ ಕೆಸರು ಒಳಗೆ ಬಿದ್ದು ಪೈಪ್ ತುಂಬುತ್ತದೆ. ಕೆಳಗಿದ್ದರೆ ಗುಂಡಿಯ ತಳದಲ್ಲಿ ನೀರು ಸ್ವಲ್ಪ ಏರಿದೊಡನೆ ಒಳಗೆ ಬಂದು ಹರಿದುಹೋಗುತ್ತದೆ.

ಸರಿಪಡಿಸಿದ ಕೆಲಸದ ವಿವರ ಇದು. ನಿಮ್ಮ ಮನೆಯ ಉದ್ದಕ್ಕೆ ತಕ್ಕಂತೆ ಲೆಕ್ಕ ಹೊಂದಿಸಿಕೊಳ್ಳಬಹುದು.

ಎಲ್ಲಕ್ಕಿಂತ ಮೊದಲು ನೀರು ಹೊರಗೆ ಬೀಳುವ ಜಾಗ ನೋಡಬೇಕು. ಪೈಪಿನ ತುದಿ ರಸ್ತೆ ಚರಂಡಿಯಲ್ಲಿ ಮಳೆಗಾಲದ ನೀರು ಹರಿಯುವ ಮಟ್ಟಕ್ಕಿಂತ ಮೇಲಿರಬೇಕು, ಇಲ್ಲವಾದರೆ ಚರಂಡಿಯ ನೀರೇ ಹಿತ್ತಲಿಗೆ ಬರುತ್ತದೆ. ಟ್ಯೂಬ್ ಲೆವೆಲ್ (ಮಟ್ಟ ನೋಡುವ, ನೀರು ತುಂಬಿದ ಪಾರದರ್ಶಕ ಕೊಳವೆ) ಹಿಡಿದು ಎರಡೂ ತುದಿಯ ಮಟ್ಟ ಗುರುತಿಸಿ, ದಾರ ಕಟ್ಟಿ, ಆಮೇಲೆ ಗುದ್ದಲಿ ಮುಟ್ಟಿ. ವಾಟ 100 ಅಡಿಗೆ ಕನಿಷ್ಠ 1 ಅಡಿ. ಈ ಮನೆಯಲ್ಲಿ ಹಿಂದೆ 30 ಅಡಿ, ಪಕ್ಕದಲ್ಲಿ ರಸ್ತೆವರೆಗೆ 20 ಅಡಿ, ಒಟ್ಟು 50 ಅಡಿಗೆ 6 ಇಂಚು ಇಳಿಸಬೇಕಾಯಿತು.

ಗೋಡೆಯ ಪಕ್ಕ 3 ಅಡಿ ಅಗಲದ ಕಾಂಕ್ರೀಟ್ ಪಟ್ಟಿ ಮತ್ತೆ ಬಂತು, ಹೊರಕ್ಕೆ 1 ಇಂಚಿಗಿಂತ ಸ್ವಲ್ಪ ಹೆಚ್ಚು ವಾಟ ಕೊಟ್ಟು. ಅದರಾಚೆ 1 ಅಡಿ ಅಗಲ, 1½ ಅಡಿ ಆಳದ ಗುಂಡಿ. ಗುಂಡಿಯ ತಳ ಯಾವ ಕಾರಣಕ್ಕೂ ಮನೆಯ ಪಾಯದ ತಳಕ್ಕಿಂತ ಕೆಳಗೆ ಹೋಗಕೂಡದು. ಗುಂಡಿಗೆ 5 ಅಡಿ ಅಗಲದ ಜಿಯೋಟೆಕ್ಸ್‌ಟೈಲ್ ಬಟ್ಟೆ ಎರಡೂ ಪಕ್ಕಕ್ಕೆ ಏರುವಂತೆ ಹಾಸಿ, ತಳದಲ್ಲಿ 2 ಇಂಚು ಜಲ್ಲಿ, ಅದರ ಮೇಲೆ 4 ಇಂಚಿನ ಪಿವಿಸಿ ಪೈಪ್. 6 ಇಂಚಿಗೊಂದರಂತೆ ಎರಡು ಸಾಲು, 8 ಎಂಎಂ ಡ್ರಿಲ್ಲಿನ ತೂತು. ಎರಡು ಸಾಲೂ ಕೆಳಗೆ, ಸ್ವಲ್ಪ ಎಡಕ್ಕೆ ಮತ್ತು ಬಲಕ್ಕೆ ಓರೆಯಾಗಿ. ಪೈಪ್ ಮುಚ್ಚಿ ಗುಂಡಿಯ ಬಾಯಿಗೆ 3 ಇಂಚು ಉಳಿಯುವವರೆಗೆ ಜಲ್ಲಿ, ಬಟ್ಟೆಯ ಎರಡೂ ಅಂಚು ಒಂದರ ಮೇಲೊಂದು ಮಡಚಿ, ಉಳಿದ 3 ಇಂಚಿಗೆ ಅಲಂಕಾರದ ಕಲ್ಲು. ಚೆಂದಕ್ಕೆ ಇಷ್ಟೇ ಸಾಕು. ಪಕ್ಕದ 20 ಅಡಿ ತೂತಿಲ್ಲದ ಪೈಪ್, ಅಲ್ಲಿ ಜಲ್ಲಿಯೂ ಬೇಡ. ಸಾಮಾನು: 20 ಅಡಿಯ ಪೈಪ್ 3, ಜಲ್ಲಿ 40 ಘನ ಅಡಿ, ಬಟ್ಟೆ 150 ಚದರ ಅಡಿ ಮತ್ತು ಜೋಡಿಸುವ ಕಡೆ ಒಂದಡಿ ಹೆಚ್ಚು, ಅಲಂಕಾರದ ಕಲ್ಲು 8 ಘನ ಅಡಿ. ಪೈಪಿನ ಮೇಲ್ತುದಿಯಲ್ಲಿ ಮತ್ತು ತಿರುವಿನಲ್ಲಿ ನೆಲದ ಮೇಲಕ್ಕೆ ನೆಟ್ಟಗೆ ಬರುವ, ಮುಚ್ಚಳವಿರುವ ಪೈಪ್ ಬಿಡಲೇಬೇಕು, ಕಟ್ಟಿಕೊಂಡರೆ ಅಲ್ಲಿಂದ ನೀರು ಹೊಡೆದು ತೊಳೆಯಬಹುದು. ಹೊರತುದಿಗೆ ಇಲಿ, ಹೆಗ್ಗಣ ನುಗ್ಗದಂತೆ ಜಾಲರಿ.

ಮಾಡಿನ ನೀರಿನ ಪೈಪನ್ನು ಈ ತೂತಿನ ಪೈಪಿಗೆ ಸೇರಿಸಲು ಪ್ಲಂಬರ್ ಹೊರಟರೆ ತಡೆಯಿರಿ. ಮಾಡಿನ ನೀರು ಒಮ್ಮೆಲೇ ಬರುತ್ತದೆ, ತೂತಿನಿಂದ ಹೊರಗೆ ಹೊಮ್ಮಿ ನೆಲವನ್ನೇ ನೆನೆಸುತ್ತದೆ. ಅದಕ್ಕೆ ಬೇರೆ ಪೈಪ್, ಬೇರೆ ದಾರಿ. ಧರೆಯ ಬುಡದ ತೆರೆದ ಚರಂಡಿಯನ್ನೂ ಹಾಗೆಯೇ ಬಿಡಬೇಕು. 9 ಇಂಚು ಅಗಲ, 9 ಇಂಚು ಆಳದ್ದಾದರೂ ಇರಲಿ. ಜಲ್ಲಿ ಚರಂಡಿ ನೆಲದೊಳಗಿನ ಒರತೆಗೆ ಮಾತ್ರ. ಮೇಲಿಂದ ಮಣ್ಣು, ತರಗೆಲೆ ಹೊತ್ತು ಬರುವ ನೀರಿಗೆ ತೆರೆದ ಚರಂಡಿಯೇ ಆಗಬೇಕು, ಕಸ ಕಟ್ಟಿದರೆ ಕಣ್ಣಿಗೆ ಕಾಣುತ್ತದೆ, ಕೈಯಲ್ಲಿ ತೆಗೆಯಬಹುದು. ನೋಡಲು ಬೇಡವೆನಿಸಿದರೆ ಎತ್ತಲು ಬರುವ ಚಪ್ಪಡಿ ಮುಚ್ಚಿ.

ಧರೆ ಇರುವ ಮನೆಯವರು ಇನ್ನೊಂದು ಮಾತು ಗಮನಿಸಬೇಕು. ಧರೆಯ ಮೇಲೆ, ಅಂಚಿನಲ್ಲಿ, ಜಲ್ಲಿ ತುಂಬಿದ ಇಂಗುಗುಂಡಿ ಮಾಡಿಸಬೇಡಿ. ಇಂಗಿದ ನೀರು ಧರೆಯ ಹೊಟ್ಟೆಗೆ ಇಳಿಯುತ್ತದೆ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನಲ್ಲಿ, 2024ರ ಜುಲೈಯಲ್ಲಿ ಸಕಲೇಶಪುರದ ಬಳಿ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದದ್ದನ್ನು ಈ ಭಾಗದವರೆಲ್ಲ ನೋಡಿದ್ದೇವೆ. ನೀರು ಕುಡಿದ ಮಣ್ಣಿನ ತೂಕ ಏನೆಂದು ನಮಗೆ ಗೊತ್ತಿರಬೇಕು. ತಡೆಗೋಡೆ ಕಟ್ಟಿಸಿದರೆ ಅದರ ಹಿಂದೆ 1 ಅಡಿ ದಪ್ಪ ಜಲ್ಲಿ, ಜಲ್ಲಿಗೂ ಮಣ್ಣಿಗೂ ನಡುವೆ ಅದೇ ಬಟ್ಟೆ, ಗೋಡೆಯಲ್ಲಿ 4ರಿಂದ 5 ಅಡಿಗೊಂದು 3 ಇಂಚಿನ ಪೈಪ್ ಹೊರಕ್ಕೆ ಓರೆಯಾಗಿ. 6 ಅಡಿಗಿಂತ ಎತ್ತರದ ಗೋಡೆಯಾದರೆ ಎಂಜಿನಿಯರ್ ನೋಡದೆ ಕೈಹಾಕಬೇಡಿ. ಕಡೂರು, ಅರಸೀಕೆರೆ ಕಡೆಯ ಸಮತಟ್ಟು ನೆಲದಲ್ಲಿ ಇಂಗುಗುಂಡಿ ಒಳ್ಳೆಯದೇ, ಪಾಯದಿಂದ 10 ಅಡಿಯಾದರೂ ದೂರವಿರಲಿ.

ಕಲ್ಲಿನ ಆಯ್ಕೆ. ಆ ಮನೆಗೆ ಹಾಕಿದ್ದು ಬಿಳಿ ಮಾರ್ಬಲ್ ಚೂರು. ಬಿಸಿಲು ಕಾಣದ ಹಿತ್ತಲಲ್ಲಿ ಒಂದೇ ಮಳೆಗಾಲಕ್ಕೆ ಪಾಚಿ ಹಿಡಿದು ಹಸಿರಾಯಿತು. ತೊಳೆಯಲು ಬಾತ್‌ರೂಮಿನ ಆ್ಯಸಿಡ್ ಸುರಿಯುವವರಿದ್ದಾರೆ, ದಯವಿಟ್ಟು ಮಾಡಬೇಡಿ. ಮಾರ್ಬಲ್ ಎಂದರೆ ಸುಣ್ಣದ ಕಲ್ಲು, ಆ್ಯಸಿಡ್ ಬಿದ್ದರೆ ನೊರೆಯೆದ್ದು ಕರಗುತ್ತದೆ, ಹೊಗೆ ಎದೆಗೆ ಕೆಟ್ಟದ್ದು, ಪಕ್ಕದ ಗಿಡ ಸುಟ್ಟುಹೋಗುತ್ತದೆ. ಹುಳಿ ಮಣ್ಣು ಬಯಸುವ ಅಜೇಲಿಯ, ಕ್ಯಾಮೆಲಿಯದಂಥ ಗಿಡಗಳ ಬುಡಕ್ಕೂ ಮಾರ್ಬಲ್ ಚೂರು ಸಲ್ಲದು, ಸುಣ್ಣ ಮಣ್ಣಿಗಿಳಿದು ಎಲೆ ಹಳದಿಯಾಗುತ್ತದೆ. ಅಂಗಡಿಯಲ್ಲೇ ಕಲ್ಲಿನ ಮೇಲೆ ಒಂದು ಹನಿ ವಿನೆಗರ್ ಬಿಟ್ಟು ನೋಡಿ, ಗುಳ್ಳೆ ಎದ್ದರೆ ಸುಣ್ಣದ್ದು. ನಮ್ಮ ಮಳೆಗೆ ಗ್ರಾನೈಟ್ ಅಥವಾ ಬೆಣಚುಕಲ್ಲು ಸರಿ, ಬೂದು ಇಲ್ಲವೇ ಕಂದು ಬಣ್ಣದ್ದಾದರೆ ಕೊಳೆ ಎದ್ದು ಕಾಣುವುದಿಲ್ಲ. ಗಾಢ ಕೆಂಪು, ನೀಲಿ ಕಲ್ಲುಗಳನ್ನು ಒಂದು ರಾತ್ರಿ ಬಕೆಟ್ ನೀರಿನಲ್ಲಿ ನೆನೆಹಾಕಿದರೆ ಬಣ್ಣ ಬಳಿದದ್ದೋ ಅಲ್ಲವೋ ಗೊತ್ತಾಗುತ್ತದೆ.

ಹೊಳೆಗಲ್ಲು ಅಗ್ಗಕ್ಕೆ ತಂದುಕೊಡುತ್ತೇವೆ ಎಂದು ಬರುವವರಿಂದ ದೂರವಿರಿ. ಹೇಮಾವತಿಯೋ ಭದ್ರೆಯೋ, ಹೊಳೆಯಿಂದ ಅನುಮತಿಯಿಲ್ಲದೆ ಕಲ್ಲು ಎತ್ತುವುದು ಅಪರಾಧ. ಮೀನು ಮೊಟ್ಟೆಯಿಡುವ ಜಾಗವೂ ಅದೇ.

ಗುಂಡು ಕಲ್ಲನ್ನು ಕಾರು ಓಡಾಡುವ ಕಡೆ ಹಾಕಿಸಬೇಡಿ. ಚಕ್ರದಡಿ ಉರುಳಿ ಎರಡು ತಗ್ಗು ಬೀಳುತ್ತದೆ. ಅಲ್ಲಿಗೆ ಕೆಳಗೆ 4 ಇಂಚು 40 ಎಂಎಂ ಜಲ್ಲಿ ದಮ್ಮಸು ಮಾಡಿ, ಮೇಲೆ 2 ಇಂಚು ಮೂಲೆಯುಳ್ಳ 12 ಎಂಎಂ. ಇಳಿಜಾರು 10ಕ್ಕೆ 1ಕ್ಕಿಂತ ಕಡಿದಾಗಿದ್ದರೆ ಯಾವ ಜಲ್ಲಿಯೂ ನಿಲ್ಲದು, ಸೈಜುಗಲ್ಲು ಹಾಸಿಸಿ. ಮುಷ್ಟಿಗಿಂತ ದೊಡ್ಡ ಕಲ್ಲಿನ ರಾಶಿಯನ್ನು ಬಾಗಿಲ ಬಳಿ ಪೇರಿಸಬೇಡಿ, ಚೇಳು, ಹಾವು ಸಂದಿಯಲ್ಲಿ ಸೇರಿಕೊಳ್ಳುತ್ತವೆ. ತೇವ ಆರದ ತರಗೆಲೆಯಡಿ ಇಂಬಳವೂ.

ಕೆಲಸ ಕೊಡುವಾಗ ಹಣದ ಕೊನೆಯ ಕಂತನ್ನು ನೀರಿನ ಪರೀಕ್ಷೆಯವರೆಗೆ ತಡೆಹಿಡಿಯಿರಿ. ಪೈಪ್ ಮುಚ್ಚುವ ಮೊದಲು ಮೇಲ್ತುದಿಯಲ್ಲಿ ಹತ್ತು ಬಕೆಟ್ ನೀರು ಹೊಯ್ಯಿಸಿ, ಹೊರತುದಿಯಲ್ಲಿ ಬರುವುದನ್ನು ನೀವೇ ನಿಂತು ನೋಡಿ. ಗುಂಡಿಯ ಫೋಟೊ ತೆಗೆದಿಟ್ಟುಕೊಳ್ಳಿ, ಮುಂದೆ ಇನ್ನೊಬ್ಬರು ಅಗೆಯುವಾಗ ಪೈಪ್ ಎಲ್ಲಿದೆ ಎಂದು ತಿಳಿಯುತ್ತದೆ. ಆಮೇಲೆ ಪ್ರತಿ ವರ್ಷ ಮೇ ತಿಂಗಳಲ್ಲಿ ಇದೇ ಪರೀಕ್ಷೆ, ಮಳೆಗಾಲದ ನಡುವೆ ವಾರಕ್ಕೊಮ್ಮೆ ತರಗೆಲೆ ಗುಡಿಸುವುದು, ಮೂರು ನಾಲ್ಕು ವರ್ಷಕ್ಕೊಮ್ಮೆ ಮೇಲಿನ 3 ಇಂಚು ಕಲ್ಲು ಎತ್ತಿ ತೊಳೆದು ಹಾಕುವುದು.

ಈಗಾಗಲೇ ಕಲ್ಲು ಹಾಸಿಸಿದ್ದರೆ ಗೋಡೆಯ ಪಕ್ಕ ಒಂದು ಚದರ ಅಡಿಯಷ್ಟು ಎತ್ತಿ ನೋಡಿ. ಕಲ್ಲಿನ ಮೇಲ್ಮಟ್ಟ ಪ್ಲಿಂತ್‌ಗಿಂತ (ಮನೆಯೊಳಗಿನ ನೆಲದ ಮಟ್ಟ) ಕನಿಷ್ಠ 6 ಇಂಚು ಕೆಳಗಿರಬೇಕು. ಅಡಿಯಲ್ಲಿ ಪ್ಲಾಸ್ಟಿಕ್ ಸಿಕ್ಕರೆ ಅದಕ್ಕೆ ತೂತು ಹೊಡೆದು ಸಮಾಧಾನಪಡಬೇಡಿ, ಆ ನೀರು ಪಾಯದ ಪಕ್ಕದಲ್ಲೇ ಇಳಿಯುತ್ತದೆ. ಗೋಡೆಯಿಂದ 3 ಅಡಿವರೆಗಿನ ಕಲ್ಲು, ಪ್ಲಾಸ್ಟಿಕ್ ಎರಡನ್ನೂ ಮಳೆ ಹಿಡಿಯುವ ಮುಂಚೆ ತೆಗೆಸಿ ಕಾಂಕ್ರೀಟ್ ಪಟ್ಟಿ ಹಾಕಿಸಿ. ಉಳಿದ ಕಡೆಯ ಪ್ಲಾಸ್ಟಿಕ್ ತೆಗೆದು ಬಟ್ಟೆ ಹಾಸಿಸಿ, ಪೈಪಿನ ಕೆಲಸ ಅದರ ನಂತರ. ಮಳೆಗಾಲ ಶುರುವಾಗಿಬಿಟ್ಟಿದ್ದರೆ ಧರೆಯ ಬುಡವನ್ನು ಅಗೆಯಬೇಡಿ. ಮಾಡಿನ ನೀರನ್ನು ಪೈಪಿನಲ್ಲಿ ದೂರಕ್ಕೆ ತಿರುಗಿಸಿ, ಮುಚ್ಚಿದ ಚರಂಡಿಯ ಜಲ್ಲಿ ಎತ್ತಿಸಿ ನೀರಿಗೆ ದಾರಿ ಬಿಡಿಸಿ. ಉದುರಿದ ಗಾರೆಯನ್ನು ಗೋಡೆ ಪೂರ್ತಿ ಒಣಗಿದ ಮೇಲೆ, ಫೆಬ್ರವರಿ ಮಾರ್ಚಿನಲ್ಲಿ ಸರಿಪಡಿಸಿದರಾಯಿತು. ಹಸಿ ಗೋಡೆಗೆ ಪುಟ್ಟಿ, ಬಣ್ಣ ಬಳಿಸಿದರೆ ಮುಂದಿನ ಮಳೆಗೆ ಮತ್ತೆ ಗುಳ್ಳೆ ಏಳುತ್ತದೆ.