ಪದ್ಮಿನಿಗೆ ಮಾರುತಿ 800ರ ಫ್ಯಾನ್: ನಾಲ್ಕು ವರ್ಷ ಓಡಿಸಿದ ಮೇಲೆ

ನಮ್ಮದು 1986ರ ಪ್ರೀಮಿಯರ್ ಪದ್ಮಿನಿ, ಅಪ್ಪ ಕೊಂಡ ಗಾಡಿ. ಹೈವೇಯಲ್ಲಿ ಓಡುತ್ತಿದ್ದರೆ ಏನೂ ತಕರಾರಿಲ್ಲ. ಆದರೆ ಮೈಸೂರಲ್ಲಿ ದಸರಾ ಲೈಟಿಂಗ್ ನೋಡೋಕೆ ಜನ ತುಂಬಿದ ರಸ್ತೆಗೆ ಇಳಿದರೆ ಹತ್ತೇ ನಿಮಿಷಕ್ಕೆ ಹೀಟ್ ಮುಳ್ಳು ಮೇಲಕ್ಕೆ. ಒರಿಜಿನಲ್ ಫ್ಯಾನ್ ಬೆಲ್ಟಿನಲ್ಲಿ ತಿರುಗೋದಲ್ವಾ, ಇಂಜಿನ್ ನಿಧಾನವಾದರೆ ಅದೂ ನಿಧಾನ. ರೇಡಿಯೇಟರ್ ಬಿಚ್ಚಿ ಕ್ಲೀನ್ ಮಾಡಿಸಿದೆ, ಹೊಸ ಥರ್ಮೋಸ್ಟಾಟ್ ಹಾಕಿಸಿದೆ. ಸ್ವಲ್ಪ ವಾಸಿಯಾಯ್ತು ಅಷ್ಟೇ. ಕೊನೆಗೆ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಮಾರುತಿ 800ರ ಹಳೇ ಫ್ಯಾನ್ (ಬೆಲ್ಟ್ ಇಲ್ಲದೆ ಕರೆಂಟಿನಲ್ಲಿ ತಿರುಗುವಂಥದ್ದು) ಒಂದನ್ನು, ಮೋಟರು ಕವರು ಸಮೇತ, 900 ರೂಪಾಯಿಗೆ ತಂದೆ.

ಫ್ಯಾನ್ ಬಗ್ಗೆ ಹೇಳೋದು ಕಡಿಮೆ. ನಾಲ್ಕು ವರ್ಷದಲ್ಲಿ ಒಮ್ಮೆಯೂ ನಿಂತಿಲ್ಲ. ಕಾಟ ಕೊಟ್ಟಿದ್ದೆಲ್ಲ ವೈರಿಂಗು.

ಮೊದಲು ಕೆಲಸ ಮಾಡಿದ ಎಲೆಕ್ಟ್ರಿಷಿಯನ್ "ಸಾರ್, ರಿಲೇ ಎಲ್ಲಾ ಯಾಕೆ, ಡೈರೆಕ್ಟ್ ಸ್ವಿಚ್ ಕೊಟ್ಬಿಡೋಣ" ಅಂದರು. ರಿಲೇ ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಆಫ್ ಮಾಡುವ ಸ್ವಿಚ್. ನಾನೂ ಹೂಂ ಅಂದೆ, ತಪ್ಪು ನನ್ನದೂ ಇದೆ. ಫಾಗ್ ಲ್ಯಾಂಪಿಗೆ ಹಾಕುವಂಥ ಸಣ್ಣ ವೈರು, ಅದನ್ನು ಡ್ಯಾಶ್‌ಬೋರ್ಡಿನ ಸ್ವಿಚ್ಚಿನವರೆಗೆ ಎಳೆದು, ಅಲ್ಲಿಂದ ಮತ್ತೆ ಮುಂದಕ್ಕೆ ತಂದಿದ್ದರು. ಎರಡು ವಾರದ ನಂತರ ಚಾಮುಂಡಿ ಬೆಟ್ಟ ಹತ್ತುವಾಗ ಸುಟ್ಟ ವಾಸನೆ. ಸ್ವಿಚ್ ಮುಟ್ಟಿದರೆ ಬೆರಳು ಅಂಟಿಕೊಳ್ಳುವಷ್ಟು ಮೆತ್ತಗಾಗಿತ್ತು, ಹಿಂದಿನ ಬಿಳಿ ಕನೆಕ್ಟರ್ ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಮನೆಗೆ ಬಂದು ಮೀಟರ್ ಹಿಡಿದೆ. ಬ್ಯಾಟರಿಯಲ್ಲಿ 13.8 ವೋಲ್ಟ್, ಫ್ಯಾನ್ ಹತ್ತಿರ 11.2. ಉಳಿದದ್ದು ದಾರಿಯಲ್ಲೇ ಶಾಖವಾಗಿ ಹೋಗುತ್ತಿತ್ತು.

ಆಮೇಲೆ ಎಲ್ಲ ಕಿತ್ತು ನಾನೇ ಮಾಡಿದೆ. ನಾಲ್ಕು ಪಿನ್ನಿನ ಸಾಮಾನ್ಯ ರಿಲೇ ಸಾಕು. ಅದರ ಪಿನ್ನುಗಳಿಗೆ ನಂಬರ್ ಇರುತ್ತೆ: 30ಕ್ಕೆ ಬ್ಯಾಟರಿಯಿಂದ ನೇರ ವೈರು, ಬ್ಯಾಟರಿಯಿಂದ ಒಂದು ಗೇಣಿನೊಳಗೆ ಫ್ಯೂಸ್. 87ರಿಂದ ಫ್ಯಾನಿಗೆ. 86ಕ್ಕೆ ಕೀ ಆನ್ ಮಾಡಿದಾಗ ಮಾತ್ರ ಬರುವ ಕರೆಂಟು, 85 ಥರ್ಮೋ ಸ್ವಿಚ್ (ನೀರು ಬಿಸಿಯಾದಾಗ ತಾನೇ ಆನ್ ಆಗುವ ಸ್ವಿಚ್) ಮೂಲಕ ಅರ್ತಿಗೆ. ಫ್ಯಾನಿನ ಲೈನಿಗೆ 4 ಸ್ಕ್ವೇರ್ ಎಂಎಂ ವೈರು ಹಾಕಿ, ಜಿಪುಣತನ ಬೇಡ. ಅರ್ತ್ ವೈರೂ ಅಷ್ಟೇ ದಪ್ಪ ಇರಲಿ, ಬೋಲ್ಟ್ ಬಿಗಿಯುವ ಜಾಗದಲ್ಲಿ ಪೇಂಟ್ ಕೆರೆದು ತಗಡು ಹೊಳೆಯಬೇಕು. ಈಗ ಫ್ಯಾನ್ ಹತ್ತಿರ 13.4 ಬರುತ್ತಿದೆ, ಗಾಳಿಯ ಸದ್ದೇ ಬೇರೆ.

ಥರ್ಮೋ ಸ್ವಿಚ್ ಮಾತ್ರ ನನ್ನನ್ನು ಮೂರು ದಿನ ಆಟ ಆಡಿಸಿತು. ಹೋಸ್ ಕತ್ತರಿಸಿ ನಡುವೆ ಕೂರಿಸುವ ಅಲ್ಯೂಮಿನಿಯಂ ಅಡಾಪ್ಟರ್ ಹಾಕಿ, ಅದಕ್ಕೆ ಒಂದೇ ವೈರಿನ, ಅರ್ತನ್ನು ತಾನು ಕೂತ ಲೋಹದಿಂದಲೇ ತಗೊಳ್ಳುವ ಸ್ವಿಚ್ ತಿರುಗಿಸಿದ್ದೆ. ನೀರು ಕುದಿಯುವ ಹಂತಕ್ಕೆ ಬಂದರೂ ಫ್ಯಾನ್ ಸುಮ್ನೆ ಕೂತಿತ್ತು. ಸ್ವಿಚ್ ಬದಲಿಸಿದೆ, ರಿಲೇ ಬದಲಿಸಿದೆ, ಊಹೂಂ. ಆಮೇಲೆ ತಲೆಗೆ ಹೊಳೆಯಿತು, ಅಡಾಪ್ಟರಿನ ಎರಡೂ ಕಡೆ ರಬ್ಬರ್ ಹೋಸ್, ಅರ್ತ್ ಬರೋದಾದರೂ ಎಲ್ಲಿಂದ! ಅಡಾಪ್ಟರಿಗೆ ಒಂದು ಕ್ಲಿಪ್ ಬಿಗಿದು ಗಾಡಿಯ ತಗಡಿಗೆ ವೈರು ಕೊಟ್ಟೆ, ಟಕ್ ಅಂತ ಶುರುವಾಯ್ತು. ನನ್ನದು 92 ಡಿಗ್ರಿಗೆ ಆನ್, 87ಕ್ಕೆ ಆಫ್ ಆಗುವ ಸ್ವಿಚ್.

ಪ್ಲಸ್ ಮೈನಸ್ ಉಲ್ಟಾ ಕೊಟ್ಟರೂ ಫ್ಯಾನ್ ತಿರುಗುತ್ತೆ, ಆದರೆ ಗಾಳಿ ಮುಂದಕ್ಕೆ ತಳ್ಳುತ್ತೆ. ರೇಡಿಯೇಟರ್ ಹಿಂದೆ ಕೂರಿಸಿದ್ದರೆ, ಮುಂದುಗಡೆ ಪೇಪರ್ ಹಾಳೆ ಹಿಡಿದು ನೋಡಿ. ಹಾಳೆ ರೇಡಿಯೇಟರಿನ ಜಾಲರಿಗೆ ಕಚ್ಚಿಕೊಳ್ಳಬೇಕು. ಮತ್ತೆ ಪ್ಲಾಸ್ಟಿಕ್ ಟ್ಯಾಗ್‌ಗಳನ್ನು ಜಾಲರಿಯ ಮೂಲಕ ತೂರಿಸಿ ಫ್ಯಾನ್ ಕಟ್ಟಬೇಡಿ, ಅಲುಗಾಟಕ್ಕೆ ಟ್ಯೂಬ್ ಸವೆದು ಲೀಕ್ ಆಗುತ್ತೆ. ಪಟ್ಟಿ ಬೆಂಡ್ ಮಾಡಿಸಿ ಅಂಚಿಗೆ ಬೋಲ್ಟ್ ಹಾಕಿಸಿ.

ನಿಮ್ಮ ಗಾಡಿಯಲ್ಲಿ ಬ್ಯಾಟರಿ ಚಾರ್ಜ್ ಮಾಡೋಕೆ ಇನ್ನೂ ಹಳೇ ಕಾಲದ ಡೈನಮೋ ಇದ್ದರೆ ಮೊದಲು ಆಲ್ಟರ್ನೇಟರ್ ಹಾಕಿಸಿಕೊಳ್ಳಿ. ಐಡಲಿಂಗಿನಲ್ಲಿ ಡೈನಮೋ ಕೊಡೋದೇ ಅಷ್ಟಕ್ಕಷ್ಟೆ, ಫ್ಯಾನ್ ಓಡೋದೂ ಅದೇ ಹೊತ್ತಿಗೆ. ರಾತ್ರಿ ಹೆಡ್‌ಲೈಟೂ ಸೇರಿದರೆ ಬ್ಯಾಟರಿ ಗೋವಿಂದ.

ಮೈಲೇಜ್ ಜಾಸ್ತಿ ಆಗುತ್ತೆ ಅಂತ ಹೇಳುವವರಿದ್ದಾರೆ, ನನಗೇನೂ ಗೊತ್ತಾಗಲಿಲ್ಲ. ಬೆಳಗ್ಗೆ ಇಂಜಿನ್ ಬೇಗ ಬಿಸಿಯಾಗುತ್ತೆ, ಸದ್ದು ಕಡಿಮೆ, ಅದು ನಿಜ. ಕಳೆದ ಮಳೆಗಾಲದಿಂದ ಮೋಟರು ಶುರುವಿನಲ್ಲಿ ಕಿರ್ರ್ ಅನ್ನುತ್ತಿದೆ, ಬುಷ್ ಸವೆದಿರಬೇಕು. ಇನ್ನೊಂದು ಫ್ಯಾನ್ ತಂದು ಡಿಕ್ಕಿಯಲ್ಲಿ ಇಟ್ಟಿದ್ದೇನೆ, ಈ ಸಲ 1,200 ಕೇಳಿದರು.